ಹದಿನೈದು ದಿನದ ಮಳೆ

ಈ ವಾರದ ಕಂತು ಕೇಳಿದವರಿಗೆ ನಮ್ಮ ಅಪ್ಪನ ಮಳೆ ಪುಸ್ತಕದ ವಿಷಯ ಸ್ವಲ್ಪ ಗೊತ್ತಿರುತ್ತೆ. ಮೈಕಿನ ಮುಂದೆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸೋಕೆ ಆಗದೆ ಉಳಿದಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಕೇಳದವರೂ ಇಲ್ಲಿಂದಲೇ ಶುರು ಮಾಡಬಹುದು, ಏನೂ ತೊಂದರೆಯಿಲ್ಲ.

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ. ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಕಾಫಿ ಬೆಳೆಯುವ ಊರಿನಲ್ಲಿ ಮಳೆ 'ಜೋರಾಗಿ ಬಂತು' ಅಂದರೆ ಯಾರಿಗೂ ಸಮಾಧಾನವಿಲ್ಲ. ಎಷ್ಟು ಇಂಚು, ಎಷ್ಟು ಸೆಂಟು ಅಂತ ಕೇಳುತ್ತಾರೆ. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು ಅನ್ನುತ್ತಾರೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಂದು ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತೆ. ಬರೀ ಇಪ್ಪತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಕೆಟ್ಟು ಆ ವರ್ಷದ ಫಸಲಿಗೇ ಪೆಟ್ಟು. ಹಾಗಾಗಿ ಅಂಗಳದಲ್ಲೊಂದು ಮಳೆ ಮಾಪಕ, ಜಗುಲಿಯ ಗೂಡಿನಲ್ಲೊಂದು ನೋಟ್ ಪುಸ್ತಕ. 1961ರ ಯುಗಾದಿಯಂದು ಅಜ್ಜ ಬರೆಯೋಕೆ ಶುರು ಮಾಡಿದ್ದು. 1984ರಿಂದ ಅಪ್ಪ ಬರೆಯುತ್ತಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ.

ಹಿಂದಿನ ಸಲ ರಜೆಗೆ ಹೋದಾಗ, ಜೂನ್ ಮೊದಲ ವಾರ, ಅಪ್ಪನ ಮಾಪಕದ ಪಕ್ಕದಲ್ಲೇ ನಾನೊಂದು ಡಿಜಿಟಲ್ ಮಾಪಕ ನೆಟ್ಟು ಬಂದೆ. ಒಳಗೊಂದು ಪುಟ್ಟ ತಕ್ಕಡಿ ಬಟ್ಟಲು ಇರುತ್ತೆ. 0.2 ಮಿಲಿಮೀಟರ್ ಮಳೆ ತುಂಬಿದಾಗಲೆಲ್ಲ ಮಗುಚಿಕೊಂಡು ಒಂದು ಎಣಿಕೆ ಕಳಿಸುತ್ತೆ. ಆ ಎಣಿಕೆ ಮನೆಯ ವೈಫೈ ಹಿಡಿದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿರುವ ನಮ್ಮ ಮನೆಗೆ ಬರುತ್ತೆ. ಅಲ್ಲಿ ಮೆಟ್ಟಿಲ ಕೆಳಗೆ ಒಂದು ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಲಿನಕ್ಸ್, ಲಿನಕ್ಸಿನಲ್ಲಿ ಒಂದು ಟೈಮ್ ಸೀರೀಸ್ ಡೇಟಾಬೇಸ್. ಒಂದು ಸಂಜೆಯಲ್ಲಿ ಇನ್‌ಸ್ಟಾಲ್ ಮಾಡಿ ಮುಗಿಸಿದ್ದೆ. ಫೋನಿನಲ್ಲೇ ಗ್ರಾಫ್ ಕಾಣುತ್ತಿತ್ತು. ನನಗೆ ಭಾರಿ ಹೆಮ್ಮೆ.

ಜುಲೈ ಮಧ್ಯದಲ್ಲಿ ಅಪ್ಪ ಫೋನ್ ಮಾಡಿದರು.

"ಜೂನ್ ಹದಿನಾಲ್ಕಕ್ಕೆ ನಿನ್ನ ಕಂಪ್ಯೂಟರ್ ಎಷ್ಟು ತೋರಿಸುತ್ತೆ ನೋಡು ಮಾರಾಯ. ನನ್ನದರಲ್ಲಿ 4 ಇಂಚು 10 ಸೆಂಟು ಬಂದಿದೆ. ತಾಳೆ ಹಾಕಬೇಕಿತ್ತು."

ನೋಡಿದೆ. ಜೂನ್ ಹದಿನಾಲ್ಕು ಇರಲೇ ಇಲ್ಲ. ಜೂನ್ ತಿಂಗಳೇ ಇರಲಿಲ್ಲ. ನಾನು ಹಾಕಿದ್ದ ತಂತ್ರಾಂಶ, ಬೇರೆ ಏನೂ ಹೇಳದಿದ್ದರೆ, ಹದಿನೈದು ದಿನಕ್ಕಿಂತ ಹಳೆಯದನ್ನು ತಾನಾಗಿಯೇ ಅಳಿಸುತ್ತೆ. ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದೇ ಇದೆ. ಓದದೆ ಇದ್ದವನು ನಾನು.

ಅಪ್ಪ ನಕ್ಕರು. "ಒಂದು ಮಳೆ ಕಳೆದು ಇನ್ನೊಂದು ಮಳೆ ಹುಟ್ಟೋ ಅಷ್ಟರಲ್ಲಿ ಮರೆತುಬಿಡ್ತಲ್ಲೋ ಅದು!"

ನಮ್ಮಲ್ಲಿ ಬೆಳೆದ ಮಕ್ಕಳಿಗೆ ಈ ಮಾತು ಬಿಡಿಸಿ ಹೇಳಬೇಕು. ರೈತರ ಲೆಕ್ಕದಲ್ಲಿ 'ಒಂದು ಮಳೆ' ಅಂದರೆ ಒಂದು ಸಲ ಸುರಿದದ್ದು ಅಲ್ಲ, ಒಂದು ನಕ್ಷತ್ರದ ಅವಧಿ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಹೀಗೆ ಒಂದೊಂದೂ ಹದಿಮೂರು-ಹದಿನಾಲ್ಕು ದಿನ. ಮೃಗಶಿರೆಯಲ್ಲಿ ಬಿದ್ದದ್ದನ್ನು ಪುನರ್ವಸುವಿನಲ್ಲಿ ಕೇಳಿದರೆ ನನ್ನ ಯಂತ್ರಕ್ಕೆ ನೆನಪಿಲ್ಲ. ಗೂಡಿನಲ್ಲಿದ್ದ ಪುಸ್ತಕಕ್ಕೆ ಅರವತ್ತು ವರ್ಷ ದಾಟಿದ ನೆನಪಿದೆ.

ಆ ನಗು ಮನಸ್ಸಿನಲ್ಲಿ ಕೂತುಬಿಟ್ಟಿತು. ಇಷ್ಟು ಬುದ್ಧಿವಂತರು ಬರೆದ ತಂತ್ರಾಂಶ ಯಾಕೆ ಮರೆಯುತ್ತೆ? ಮರೆಯಬೇಕು ಅಂತ ಮೊದಲು ತೀರ್ಮಾನ ಮಾಡಿದವರು ಯಾರು? ಹುಡುಕುತ್ತಾ ಹೋದರೆ, ಉತ್ತರದ ಒಂದು ತುದಿ ನಾನಿರುವ ಊರಿನಲ್ಲೇ ಸಿಕ್ಕಿತು.

ಹೊತ್ತು ಮತ್ತು ಅಂಕಿ

ಟೈಮ್ ಸೀರೀಸ್ ಅಂದರೆ ಗಾಬರಿ ಬೀಳಬೇಕಾಗಿಲ್ಲ. ಪಠ್ಯಪುಸ್ತಕದ ಕನ್ನಡದಲ್ಲಿ ಕಾಲಸರಣಿ ಅನ್ನಬಹುದು. ಎರಡೇ ಕಂಬ: ಯಾವ ಹೊತ್ತು, ಎಷ್ಟು. ಮಳೆಗಾಲದಲ್ಲಿ ಕನ್ನಡ ಪತ್ರಿಕೆ ತೆರೆದವರಿಗೆಲ್ಲ ಇದು ಗೊತ್ತು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಂಡ್ಯ ಕಡೆಯ ಮನೆಗಳಲ್ಲಿ ಆ ಪುಟ್ಟ ಪಟ್ಟಿಯನ್ನು ಕ್ರಿಕೆಟ್ ಸ್ಕೋರಿಗಿಂತ ಮೊದಲು ನೋಡುವವರಿದ್ದಾರೆ.

ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. 98 ಅಡಿ ಅಂದರೆ ಒಳ್ಳೆಯದೋ ಕೆಟ್ಟದ್ದೋ? ಹೋದ ವರ್ಷ ಇದೇ ದಿನ ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಹೇಳಬಹುದು. ಪತ್ರಿಕೆಯವರು ಅದನ್ನೂ ಪಕ್ಕದಲ್ಲೇ ಹಾಕುವುದು ಅದಕ್ಕೇ. ಇಂಥ ಲೆಕ್ಕದ ಬೆಲೆ ಇರುವುದೆಲ್ಲ ಸಾಲಿನಲ್ಲಿ, ಸಾಲಿನ ಉದ್ದದಲ್ಲಿ.

ಹೀಗೆ ಬರೆದಿಟ್ಟ ಪ್ರಸಿದ್ಧ ಹಳೆಯ ಸಾಲುಗಳಲ್ಲಿ ಒಂದು ಈಜಿಪ್ಟಿನದು. ಕೈರೋದ ರೋಡಾ ದ್ವೀಪದಲ್ಲಿ ಒಂದು ಬಾವಿ, ನಡುವೆ ಗುರುತು ಕೊರೆದ ಕಲ್ಲಿನ ಕಂಬ. ಈಗ ಅಲ್ಲಿರುವ ಕಟ್ಟಡ ಕ್ರಿ.ಶ. 861ರದು. ನೈಲ್ ನದಿಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ವಾರ್ಷಿಕ ದಾಖಲೆ 622ರಿಂದಲೇ ಸಿಗುತ್ತೆ. ನೀರು ಏರಿದ್ದರ ಮೇಲೆ ಫಸಲು, ಫಸಲಿನ ಮೇಲೆ ತೆರಿಗೆ. ರಾಜರು ಬದಲಾದರು, ವಂಶಗಳು ಬದಲಾದವು, ಕಂಬದ ಹತ್ತಿರ ಹೋಗಿ ಅಂಕಿ ಓದುವ ಕೆಲಸ ಮುಂದುವರಿಯಿತು.

ಆ ಅಂಕಿಗಳನ್ನು ಹೊಸದಾಗಿ ಓದಿದವನು ಲೆಸ್ಟರಿನವನು. ಹೆರಾಲ್ಡ್ ಎಡ್ವಿನ್ ಹರ್ಸ್ಟ್, ಹುಟ್ಟಿದ್ದು 1880ರಲ್ಲಿ. 1906ರಲ್ಲಿ ಈಜಿಪ್ಟಿಗೆ ಹೋದವನು ತನ್ನ ಬದುಕಿನ ಬಹುಭಾಗವನ್ನು ನೈಲ್ ಅಳೆಯುವುದರಲ್ಲೇ ಕಳೆದ. ಅಲ್ಲಿನವರು ಅವನನ್ನು 'ಅಬು ನಿಲ್', ನೈಲ್‌ನ ಅಪ್ಪ, ಅಂತ ಕರೆಯುತ್ತಿದ್ದರು. ಅವನ ಮುಂದಿದ್ದ ಪ್ರಶ್ನೆ ಅಣೆಕಟ್ಟು ಕಟ್ಟುವ ಎಲ್ಲರದ್ದೂ. ಮಳೆ ಕೈಕೊಟ್ಟ ವರ್ಷಗಳಲ್ಲೂ ನೀರು ಕೊಡಬೇಕಾದರೆ ಜಲಾಶಯ ಎಷ್ಟು ದೊಡ್ಡದಿರಬೇಕು?

ಒಳ್ಳೆಯ ವರ್ಷ, ಕೆಟ್ಟ ವರ್ಷ ನಾಣ್ಯ ಚಿಮ್ಮಿದ ಹಾಗೆ ಬಂದು ಹೋಗುವುದಾದರೆ ಇದಕ್ಕೆ ಸುಲಭದ ಸೂತ್ರವಿದೆ. ಹರ್ಸ್ಟ್ ಹಳೆಯ ದಾಖಲೆಗಳನ್ನು ಹರಡಿಕೊಂಡು ಕೂತ. ನೈಲ್ ಮಾತ್ರವಲ್ಲ, ಬೇರೆ ನದಿಗಳು, ಮಳೆ, ಮರದ ಬೆಳವಣಿಗೆಯ ಉಂಗುರಗಳು, ಕೆರೆ ತಳದ ಕೆಸರಿನ ಪದರಗಳು, ಹೀಗೆ ನೂರಾರು ಸರಣಿಗಳು. ಎಲ್ಲದರಲ್ಲೂ ಒಂದೇ ಸ್ವಭಾವ ಕಂಡಿತು. ಒಳ್ಳೆಯ ವರ್ಷಗಳು ಗುಂಪಾಗಿ ಬರುತ್ತವೆ, ಬರಗಾಲವೂ ಗುಂಪಾಗಿ ಬರುತ್ತೆ. ಸೂತ್ರದಲ್ಲಿ 0.5 ಇರಬೇಕಾದ ಕಡೆ ಪ್ರಕೃತಿ ಸರಾಸರಿ 0.73ರ ಹತ್ತಿರ ತೋರಿಸಿತು. 1951ರಲ್ಲಿ ಅವನು ಇದನ್ನು ಪ್ರಕಟಿಸಿದ. ಈಗ ಷೇರು ಪೇಟೆಯವರಿಂದ ಹಿಡಿದು ಇಂಟರ್ನೆಟ್ ದಟ್ಟಣೆ ಅಳೆಯುವವರವರೆಗೆ ಎಲ್ಲರೂ 'ಹರ್ಸ್ಟ್ ಘಾತಾಂಕ' ಬಳಸುತ್ತಾರೆ.

ಹತ್ತು ವರ್ಷದ ಅಂಕಿ ಇಟ್ಟುಕೊಂಡು ಇದು ಕಾಣುತ್ತಿರಲಿಲ್ಲ. ನದಿಗೆ ಉದ್ದನೆಯ ನೆನಪಿದೆ ಅಂತ ತಿಳಿಯೋಕೆ ಅಷ್ಟೇ ಉದ್ದನೆಯ ನೆನಪಿರುವ ಪುಸ್ತಕ ಬೇಕಾಯಿತು.

ಊರೆಲ್ಲ ಸೇರಿ ಬರೆದ ಮಳೆ

ಇಂಗ್ಲೆಂಡಿನವರಿಗೂ ಮಳೆ ಪುಸ್ತಕದ ಹುಚ್ಚು ಹಳೆಯದು. ಲ್ಯಾಂಕಶೈರಿನ ಬರ್ನ್‌ಲಿ ಹತ್ತಿರ ರಿಚರ್ಡ್ ಟೌನ್ಲಿ ಎಂಬವನು 1677ರ ಜನವರಿಯಲ್ಲಿ ಮನೆಯ ಮಾಡಿನ ಮೇಲೆ ಆಲಿಕೆ ಇಟ್ಟು, ಕೊಳವೆಯಲ್ಲಿ ನೀರನ್ನು ಕೆಳಗೆ ತಂದು ಅಳೆಯೋಕೆ ಶುರು ಮಾಡಿದ. ಈ ವರ್ಷವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತೆ.

1860ರಲ್ಲಿ ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬವನು 168 ಕಡೆಗಳಿಂದ ಮಳೆ ಲೆಕ್ಕ ತರಿಸಿ ಒಟ್ಟುಮಾಡಿದ. ಪಾದ್ರಿಗಳು, ಡಾಕ್ಟರುಗಳು, ತೋಟದ ಮಾಲಿಗಳು, ಶಾಲೆಯ ಮೇಷ್ಟರುಗಳು, ಯಾರಿಗೂ ಸಂಬಳವಿಲ್ಲ. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅಂಥವರ ಸಂಖ್ಯೆ ಮೂರು ಸಾವಿರ ದಾಟಿತ್ತು.

ಕಾಗದ ಉಳಿಯಿತು, ಆದರೆ ಕಾಗದದಲ್ಲೇ ಉಳಿಯಿತು. 1677ರಿಂದ 1960ರವರೆಗಿನ ಸುಮಾರು 65,000 ಹಾಳೆಗಳು ಬ್ರಿಟಿಷ್ ಹವಾಮಾನ ಇಲಾಖೆಯ ಭಂಡಾರದಲ್ಲಿದ್ದವು. ಕಂಪ್ಯೂಟರಿಗೆ ಅವು ಇದ್ದರೂ ಇಲ್ಲದ ಹಾಗೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಮನೆಯೊಳಗೆ ಕೂತಾಗ, ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ ಮತ್ತು ಅವರ ತಂಡ 'ರೇನ್‌ಫಾಲ್ ರೆಸ್ಕ್ಯೂ' ಅಂತ ಶುರು ಮಾಡಿದರು. ಹಾಳೆಯ ಚಿತ್ರ ನೋಡಿ ಅಂಕಿ ಟೈಪ್ ಮಾಡಿ, ಅಷ್ಟೇ ಕೆಲಸ. 16,000 ಜನ ಸೇರಿದರು. ಹದಿನಾರೇ ದಿನದಲ್ಲಿ 52 ಲಕ್ಷ ಅಂಕಿಗಳು ಕಂಪ್ಯೂಟರಿಗೆ ಬಂದವು.

ಅದರಿಂದ ಏನಾಯಿತು ಗೊತ್ತಾ? ಬ್ರಿಟನ್ನಿನ ಅಧಿಕೃತ ಮಳೆ ದಾಖಲೆ 1862ರ ಬದಲು 1836ರಿಂದಲೇ ಶುರುವಾಯಿತು. ಎಲ್ಲಕ್ಕಿಂತ ಒಣ ವರ್ಷ 1887 ಅಂತಿದ್ದದ್ದು 1855 ಅಂತಾಯಿತು. ಇವತ್ತು ನೀರು ಸರಬರಾಜಿನವರು 'ಅತಿ ಕೆಟ್ಟದ್ದು ಅಂದರೆ ಎಷ್ಟು ಕೆಟ್ಟದ್ದು' ಅಂತ ಲೆಕ್ಕ ಹಾಕುವಾಗ, ನೂರಾ ಅರವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಖಾಲಿ ಮಾಪಕ ನೋಡಿ ಬರೆದ ಸೊನ್ನೆಗಳು ಸಾಕ್ಷಿ ಹೇಳುತ್ತಿವೆ.

ಲೆಸ್ಟರ್, 1994

ಇಷ್ಟೆಲ್ಲ ಇಟ್ಟುಕೊಳ್ಳುವ ಕಥೆ. ಮರೆಯುವ ಕಥೆ ಶುರುವಾಗುವುದು ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿಯಲ್ಲಿರುವ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ.

1994ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಟೋಬಿಯಾಸ್ ಓಟಿಕರ್ ಮುಂದೆ ಒಂದು ಸಮಸ್ಯೆ ಇತ್ತು. ಹೊರ ಜಗತ್ತಿಗೆ ಇದ್ದದ್ದು ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ಒಂದು ಲೈನು. ಈಗ ನಾವು ಫೋನಿನಲ್ಲಿ ಹಾಡು ಕೇಳೋಕೂ ಅದು ಸಾಲದು. ಆ ಲೈನು ಯಾವಾಗ ಎಷ್ಟು ತುಂಬಿರುತ್ತೆ ಅಂತ ಎಲ್ಲರಿಗೂ ಕುತೂಹಲ. ಓಟಿಕರ್ ಐದು ನಿಮಿಷಕ್ಕೊಮ್ಮೆ ಎಣಿಕೆ ಓದಿ ಗ್ರಾಫ್ ಬರೆದು ವೆಬ್ ಪುಟದಲ್ಲಿ ಹಾಕುವ ಸಣ್ಣ ಪ್ರೋಗ್ರಾಂ ಬರೆದ. 1995ರಲ್ಲಿ ಅದು ಎಂಆರ್‌ಟಿಜಿ ಎಂಬ ಹೆಸರಿನಲ್ಲಿ ಹೊರಬಂತು. ಕೆಲವೇ ವರ್ಷಗಳಲ್ಲಿ ಪ್ರಪಂಚದ ನೆಟ್‌ವರ್ಕ್ ಎಂಜಿನಿಯರುಗಳೆಲ್ಲ ಅದೇ ಹಸಿರು-ನೀಲಿ ಗ್ರಾಫ್ ನೋಡತೊಡಗಿದರು.

ಆಗ ಡಿಸ್ಕು ಚಿಕ್ಕದು, ದುಬಾರಿ. ಐದು ನಿಮಿಷಕ್ಕೊಂದು ಅಂಕಿ ಅಂದರೆ ದಿನಕ್ಕೆ 288, ವರ್ಷಕ್ಕೆ ಒಂದು ಲಕ್ಷ ಐದು ಸಾವಿರ. ನೂರು ಲೈನುಗಳಿದ್ದರೆ ಕೋಟಿ ದಾಟುತ್ತೆ. ಯಾರೂ ಗಮನಿಸದೆ ಬಿಟ್ಟರೆ ಒಂದು ರಾತ್ರಿ ಡಿಸ್ಕು ತುಂಬಿ ಯಂತ್ರವೇ ನಿಂತುಹೋಗುತ್ತೆ. ಅದಕ್ಕೆ ಓಟಿಕರ್ ಮಾಡಿದ ಉಪಾಯ ಹೀಗಿತ್ತು. ಹೊಸ ಅಂಕಿಗಳನ್ನು ಐದೈದು ನಿಮಿಷದ ವಿವರದಲ್ಲೇ ಇಡು. ಹಳೆಯದಾದ ಹಾಗೆ ಅರ್ಧ ಗಂಟೆಯ ಸರಾಸರಿ ಮಾಡು, ಆಮೇಲೆ ಎರಡು ಗಂಟೆಯದು, ಕೊನೆಗೆ ದಿನಕ್ಕೊಂದು. ಕಡತ ಬೆಳೆಯುವುದೇ ಇಲ್ಲ.

1999ರಲ್ಲಿ ಇದನ್ನೇ ಬೇರ್ಪಡಿಸಿ ಆರ್‌ಆರ್‌ಡಿಟೂಲ್ ಅಂತ ಮಾಡಿದ. 'ರೌಂಡ್ ರಾಬಿನ್ ಡೇಟಾಬೇಸ್'. ನಮಗೆ ಇದು ಅರ್ಥವಾಗೋದು ಸುಲಭ, ಯಾಕಂದರೆ ನಮ್ಮ ಪಂಚಾಂಗ ನಡೆಯುವುದೇ ಹಾಗೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ, ಅರವತ್ತು ಮನೆ. ಅಕ್ಷಯ ಮುಗಿದರೆ ಮತ್ತೆ ಪ್ರಭವ. ಆರ್‌ಆರ್‌ಡಿಯಲ್ಲೂ ಮನೆಗಳ ಸಂಖ್ಯೆ ಮೊದಲೇ ನಿಗದಿ. ಕೊನೆಯ ಮನೆ ತುಂಬಿದ ಮೇಲೆ ಮೊದಲನೆಯದರ ಮೇಲೆಯೇ ಬರೆಯುತ್ತೆ.

ಅಜ್ಜನ ಮೊದಲ ಪುಸ್ತಕದ ತಲೆಯ ಮೇಲೆ 'ಪ್ಲವ ಸಂವತ್ಸರ' ಅಂತಿದೆ. 2021ರಲ್ಲಿ ಮತ್ತೆ ಪ್ಲವವೇ ಬಂತು. ನಮ್ಮ ಮನೆಯ ಪುಸ್ತಕ ಆರ್‌ಆರ್‌ಡಿ ಆಗಿದ್ದಿದ್ದರೆ, ಆ ಯುಗಾದಿಯಿಂದ ಅಪ್ಪನ ಅಂಕಿಗಳು ಅಜ್ಜನ ಅಂಕಿಗಳ ಮೇಲೆ ಕೂತು ಒಂದೊಂದೇ ಅಳಿಸುತ್ತಾ ಹೋಗುತ್ತಿದ್ದವು.

ಹಾಗಂತ ಓಟಿಕರ್ ಮಾಡಿದ್ದು ತಪ್ಪಲ್ಲ. ಮಂಗಳವಾರ ಮಧ್ಯಾಹ್ನ ಲೈನು ತುಂಬಿತ್ತೋ ಇಲ್ಲವೋ ಅನ್ನುವುದು ಬುಧವಾರಕ್ಕೆ ಮುಖ್ಯ, ಮುಂದಿನ ವರ್ಷಕ್ಕೆ ಸರಾಸರಿ ಸಾಕು. ನಮ್ಮ ಗಾದೆಗಳೂ ಹೀಗೆಯೇ ಹುಟ್ಟಿರಬೇಕು. ಭರಣಿ ಮಳೆ ಬಂದರೆ ಧರಣಿ ಬೆಳೆ ಅನ್ನುತ್ತಾರೆ. ಎಷ್ಟೋ ತಲೆಮಾರಿನ ಮಳೆಯ ಸರಾಸರಿ ಅದು. ಮಾತು ಉಳಿಯಿತು, ಯಾವ ವರ್ಷ ಎಷ್ಟು ಸೆಂಟು ಅನ್ನೋದು ಹೋಯಿತು.

ಇಟ್ಟುಕೊಳ್ಳುವವರು, ಬಿಡುವವರು

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷ ಈ ಕ್ಷೇತ್ರದಲ್ಲಿ ನಡೆದದ್ದು ಒಂದೇ ವಾದ. ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಬಿಡಬೇಕು?

2006ರಲ್ಲಿ ಆರ್ಬಿಟ್ಜ್ ಎಂಬ ಪ್ರವಾಸ ಕಂಪನಿಯಲ್ಲಿ ಕ್ರಿಸ್ ಡೇವಿಸ್ ಗ್ರಾಫೈಟ್ ಬರೆದ. ಆಗಿನ ಆರ್‌ಆರ್‌ಡಿಯಲ್ಲಿ, ಹೊಸ ಅಂಕಿ ಒಮ್ಮೆ ಬರೆದ ಮೇಲೆ ಅದಕ್ಕಿಂತ ಹಳೆಯದನ್ನು ಸೇರಿಸೋಕೆ ಆಗುತ್ತಿರಲಿಲ್ಲ. ಗ್ರಾಫೈಟ್ ಅದನ್ನು ಸಡಿಲಿಸಿತು, ಆದರೆ ನಿಗದಿತ ಮನೆಗಳ ಪದ್ಧತಿ ಉಳಿಸಿಕೊಂಡಿತು. 2010ರಲ್ಲಿ ಸ್ಟಂಬಲ್‌ಅಪಾನ್ ಕಂಪನಿಯಿಂದ ಬಂದ ಓಪನ್‌ಟಿಎಸ್‌ಡಿಬಿ ನೇರ ವಿರುದ್ಧ ದಿಕ್ಕು ಹಿಡಿಯಿತು. ನೂರಾರು ಯಂತ್ರಗಳ ಮೇಲೆ ಹರಡಿ ಎಲ್ಲವನ್ನೂ ಇಟ್ಟುಕೋ, ಸರಾಸರಿ ಮಾಡಬೇಡ ಅಂತ.

2015ರಲ್ಲಿ ಫೇಸ್‌ಬುಕ್ಕಿನವರು ಗೊರಿಲ್ಲಾ ಎಂಬ ತಮ್ಮ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಜನ ಕೇಳುವ ಪ್ರಶ್ನೆಗಳಲ್ಲಿ ಕನಿಷ್ಠ 85 ಭಾಗ ಕಳೆದ 26 ಗಂಟೆಗಳ ಬಗ್ಗೆಯೇ ಇರುತ್ತವೆ ಅಂತ ಅವರು ಕಂಡುಕೊಂಡಿದ್ದರು. ಅದಕ್ಕೆ 26 ಗಂಟೆಯದನ್ನು ಮಾತ್ರ ವೇಗದ ಮೆಮೊರಿಯಲ್ಲಿ ಇಟ್ಟುಕೊಂಡರು. ಅವರ ಇನ್ನೊಂದು ಉಪಾಯ ಅಪ್ಪನ ಪುಸ್ತಕ ನೋಡಿದವರಿಗೆ ತಕ್ಷಣ ಹೊಳೆಯುತ್ತೆ. ಅಪ್ಪ ತಿಂಗಳ ಹೆಸರನ್ನು ಪುಟದ ಮೇಲೆ ಒಂದೇ ಸಲ ಬರೆಯುತ್ತಾರೆ, ಕೆಳಗೆಲ್ಲ ಬರೀ ಎರಡು ಗೀಟು, 'ಮೇಲಿನಂತೆ' ಅಂತ. ಗೊರಿಲ್ಲಾ ಕೂಡ ಹೊತ್ತನ್ನು ಪೂರ್ತಿ ಬರೆಯುವುದಿಲ್ಲ. ಹಿಂದಿನ ಅಂತರವೇ ಈ ಸಲವೂ ಇದ್ದರೆ ಒಂದೇ ಬಿಟ್ ಹಾಕುತ್ತೆ. ಹೊತ್ತು ಮತ್ತು ಅಂಕಿ ಸೇರಿ 16 ಬೈಟ್ ಬೇಕಾಗಿದ್ದದ್ದು ಸರಾಸರಿ 1.37 ಬೈಟಿಗೆ ಇಳಿಯಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬರ್ಲಿನ್ನಿನ ಸೌಂಡ್‌ಕ್ಲೌಡ್‌ನಲ್ಲಿ, ಗೂಗಲ್ ಬಿಟ್ಟು ಬಂದಿದ್ದ ಮ್ಯಾಟ್ ಪ್ರೌಡ್ ಮತ್ತು ಜೂಲಿಯಸ್ ವೋಲ್ಜ್ 2012ರಲ್ಲಿ ಪ್ರೊಮಿಥಿಯಸ್ ಶುರು ಮಾಡಿದರು. 2015ರಲ್ಲಿ ಅದನ್ನು ಎಲ್ಲರಿಗೂ ಪರಿಚಯಿಸಿದರು. ಇವತ್ತು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ನಮ್ಮವರು, ಬೆಂಗಳೂರಾಗಲಿ ಸಿಂಗಪುರವಾಗಲಿ, ಬಹುತೇಕ ಇದನ್ನು ಮುಟ್ಟಿರುತ್ತಾರೆ. ಇದು ಏನನ್ನೂ ಹೇಳದೆ ಬಿಟ್ಟರೆ ಇಟ್ಟುಕೊಳ್ಳುವುದು 15 ದಿನ. ಇದರ ಉದ್ದೇಶಕ್ಕೆ ಅದು ಸರಿಯಾಗಿಯೇ ಇದೆ. ರಾತ್ರಿ ಮೂರು ಗಂಟೆಗೆ ಸರ್ವರ್ ಬಿದ್ದರೆ ಎಬ್ಬಿಸೋದು ಅದರ ಕೆಲಸ. ಕಾವಲುಗಾರನನ್ನು ಕರಣಿಕ ಅಂದುಕೊಂಡದ್ದು ನನ್ನ ತಪ್ಪು.

2013ರಲ್ಲಿ ಪಾಲ್ ಡಿಕ್ಸ್ ಮತ್ತು ಸಂಗಡಿಗರು ಇನ್‌ಫ್ಲಕ್ಸ್‌ಡಿಬಿ ತಂದರು. 2017ರಲ್ಲಿ ಟೈಮ್‌ಸ್ಕೇಲ್‌ಡಿಬಿ ಬಂತು, ಇದು ಹಳೆಯ ಪೋಸ್ಟ್‌ಗ್ರೆಸ್ ಮೇಲೆ ಕಟ್ಟಿದ್ದು. ಇವೆರಡರಲ್ಲೂ ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದು ನಾವು ಹೇಳಿದ ಹಾಗೆ.

ಸೊನ್ನೆ ಅಂದರೆ ಶಾಶ್ವತ

ಎರಡನೇ ಸಲ ನಾನು ಕೈಪಿಡಿ ಓದಿದೆ. ಇನ್‌ಫ್ಲಕ್ಸ್‌ಡಿಬಿಯ ಎರಡನೇ ಆವೃತ್ತಿ ಆರಿಸಿಕೊಂಡೆ. ಉಬುಂಟುವಿನಲ್ಲಿ ಕೆಲಸ ದೊಡ್ಡದಲ್ಲ. ತಯಾರಕರ ಭಂಡಾರದ ಸಹಿ ಕೀಲಿಯನ್ನು ಮೊದಲು ಇಳಿಸಿ ಪರೀಕ್ಷಿಸಬೇಕು, ಯಾರೋ ನಕಲಿ ಕೊಟ್ಟಿಲ್ಲ ಅಂತ ಖಾತ್ರಿಗೆ. ಆಮೇಲೆ ಆಪ್ಟ್ ಮೂಲಕ ಪೊಟ್ಟಣ ಹಾಕಬೇಕು, ಯಂತ್ರ ಮತ್ತೆ ಶುರುವಾದಾಗಲೂ ತಾನಾಗಿಯೇ ಏಳುವಂತೆ ಸಿಸ್ಟಮ್‌ಡಿಗೆ ಹೇಳಬೇಕು. ಅದು 8086ನೇ ಪೋರ್ಟಿನಲ್ಲಿ ಕೂರುತ್ತೆ, ಮನೆಯಾಚೆಗೆ ಆ ಬಾಗಿಲು ತೆರೆಯದ ಹಾಗೆ ಫೈರ್‌ವಾಲ್‌ನಲ್ಲಿ ಮುಚ್ಚಬೇಕು. ಗಡಿಯಾರ ಸರಿಯಿದೆಯಾ ಅಂತ ನೋಡಬೇಕು. ಬರೀ ಹೊತ್ತನ್ನೇ ನಂಬಿದ ಡೇಟಾಬೇಸಿಗೆ ಹೊತ್ತೇ ತಪ್ಪಿದರೆ ಎಲ್ಲ ತಪ್ಪು.

ಹೊತ್ತಿನ ವಿಷಯದಲ್ಲಿ ಇನ್ನೊಂದು ತೊಡಕು. ಭಾರತದ ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ಅಳೆದ ದಿನದ ತಾರೀಖಿಗೇ ಲೆಕ್ಕ. ಅಪ್ಪನೂ ಹಾಗೇ ಬರೆಯುತ್ತಾರೆ. ಬ್ರಿಟನ್ನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಅಳೆದದ್ದನ್ನು ಹಿಂದಿನ ದಿನದ ಲೆಕ್ಕಕ್ಕೆ ಹಾಕುತ್ತಾರೆ. ಅದೇ ರಾತ್ರಿ ಮಳೆಗೆ ಎರಡು ದೇಶದಲ್ಲಿ ಎರಡು ತಾರೀಖು! ಜೊತೆಗೆ ಇಲ್ಲಿ ಮಾರ್ಚಿಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನಲ್ಲಿ ಹಿಂದಕ್ಕೆ. ಹಾಗಾಗಿ ಸರ್ವರನ್ನು ಜಾಗತಿಕ ಸಮಯಕ್ಕೆ ಇಟ್ಟೆ. ಅಪ್ಪನ ಎಂಟೂವರೆ ಅಲ್ಲಿ ಯಾವಾಗಲೂ ಮೂರು ಗಂಟೆ.

ಕೊನೆಗೆ ಸೆಟಪ್ ಆದೇಶ ಕೊಟ್ಟರೆ ಅದು ಒಂದೊಂದೇ ಕೇಳುತ್ತೆ. ಬಳಕೆದಾರನ ಹೆಸರು, ಗುಪ್ತಪದ, ಸಂಸ್ಥೆಯ ಹೆಸರು (ನಾನು 'ಮನೆ' ಅಂತ ಹಾಕಿದೆ), ಬಕೆಟ್‌ನ ಹೆಸರು ('ಮಳೆ'). ಆಮೇಲೆ ಆ ಪ್ರಶ್ನೆ. ಎಷ್ಟು ಗಂಟೆ ಇಟ್ಟುಕೊಳ್ಳಲಿ? ಶಾಶ್ವತವಾಗಿ ಬೇಕಾದರೆ 0.

ಸೊನ್ನೆ ಒತ್ತಿದೆ.

ಒತ್ತಿದ ಮೇಲೆ ಶಾಶ್ವತ ಅಂದರೆ ಎಷ್ಟು ಅಂತ ನೋಡಿದೆ. ಈ ಡೇಟಾಬೇಸ್ ಹೊತ್ತನ್ನು ಎಣಿಸುವುದು ನ್ಯಾನೋಸೆಕೆಂಡಿನಲ್ಲಿ, 1970ರ ಜನವರಿ 1ರಿಂದ. ಅದಕ್ಕಿಂತ ಹಿಂದಿನದು ಋಣ ಸಂಖ್ಯೆ. ಅಂದರೆ ಅಜ್ಜನ ಮೊದಲ ಎಂಟು-ಒಂಬತ್ತು ವರ್ಷದ ಮಳೆಯೆಲ್ಲ ಮೈನಸ್ಸಿನಲ್ಲಿ ಬಿದ್ದಿದೆ. 64 ಬಿಟ್‌ಗಳಲ್ಲಿ ಹಿಡಿಸುವಷ್ಟೇ ಕಾಲ. ಮುಂದಕ್ಕೆ 2262ರ ಏಪ್ರಿಲ್‌ವರೆಗೆ, ಹಿಂದಕ್ಕೆ 1677ರ ಸೆಪ್ಟೆಂಬರ್ 21ರವರೆಗೆ.

1677! ಟೌನ್ಲಿ ಆಲಿಕೆ ಇಟ್ಟು ಅಳೆಯೋಕೆ ಶುರು ಮಾಡಿದ್ದು ಅದೇ ವರ್ಷದ ಜನವರಿಯಲ್ಲಿ. ಅವನ ಮೊದಲ ಎಂಟು ತಿಂಗಳ ಮಳೆಗೆ ಈ ಶಾಶ್ವತದೊಳಗೆ ಜಾಗವಿಲ್ಲ. ನೈಲ್‌ನ ಕಂಬದ 622 ದೂರದ ಮಾತು. ಅವು ಕಾಗದದಲ್ಲಿ ಉಳಿದುಕೊಂಡು ಬಂದಿವೆ.

ಕಾಗದವೂ ಶಾಶ್ವತವೇನಲ್ಲ. ನಮ್ಮ ಮನೆಯ 1973ರಿಂದ 75ರವರೆಗಿನ ಪುಸ್ತಕವನ್ನು ಗೆದ್ದಲು ತಿಂದಿದೆ. ಮೆಟ್ಟಿಲ ಕೆಳಗಿನ ಡಿಸ್ಕಿಗೂ ಆಯಸ್ಸಿದೆ, ಗೆದ್ದಲಿನಷ್ಟು ಸದ್ದೂ ಮಾಡದೆ ಹೋಗುತ್ತೆ. ಅದಕ್ಕೆ ವಾರಕ್ಕೊಮ್ಮೆ ಪ್ರತಿ ತೆಗೆದು ಬೇರೆ ಕಡೆ ಇಡುವ ಹಾಗೆ ಮಾಡಿದ್ದೇನೆ. ಆ ಪ್ರತಿ ಸರಿಯಿದೆಯಾ ಅಂತ ತೆರೆದು ನೋಡುವ ಕೆಲಸಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಅದನ್ನು ಯಾರಾದರೂ ಮಾಡಬೇಕು. ಕೈರೋದ ಕಂಬ ಓದುವವನು ಮಾಡಿದ, ಸೈಮನ್ಸ್‌ಗೆ ಲೆಕ್ಕ ಕಳಿಸಿದ ಪಾದ್ರಿಗಳು ಮಾಡಿದರು, ಲಾಕ್‌ಡೌನಿನಲ್ಲಿ ಟೈಪ್ ಮಾಡಿದವರು ಮಾಡಿದರು.

ಆರೋ ಒಂಬತ್ತೋ

ಊರಿನ ಹಳೆಯ ಮನೆಯ ಮಾಡು ಬದಲಿಸುವ ಮಾತು ನಡೆದಿದೆ. ಅಟ್ಟದ ಟ್ರಂಕುಗಳು ಎಲ್ಲಿಗೆ ಹೋಗುತ್ತವೋ ಗೊತ್ತಿಲ್ಲ. ಹಾಗಾಗಿ ಚಿಕ್ಕಪ್ಪನ ಮಗ ಒಂದೊಂದೇ ಪುಟದ ಫೋಟೋ ಹೊಡೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದಾನೆ. ಹನ್ನೆರಡು ವರ್ಷದ ನನ್ನ ಮಗಳು ಟೈಪ್ ಮಾಡುತ್ತಾಳೆ. ಶನಿವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತಿದ್ದಳು, ಕನ್ನಡ ಅಂಕಿ ಕಲಿತಿರಲಿಲ್ಲ. ಅಜ್ಜ ಬರೆದದ್ದೆಲ್ಲ ಕನ್ನಡ ಅಂಕಿಯಲ್ಲೇ. ಈಗ ಅವಳು ನನಗಿಂತ ಬೇಗ ಓದುತ್ತಾಳೆ.

ಹೋದ ತಿಂಗಳು ಗ್ರಾಫಿನಲ್ಲಿ 1968ರ ಒಂದು ಜುಲೈ ದಿನ ಆಕಾಶಕ್ಕೆ ಏರಿತ್ತು. 9 ಇಂಚು 20 ಸೆಂಟು. ನಾನು 'ತಪ್ಪಿರಬೇಕು, ತೆಗೆದುಬಿಡು' ಅಂದೆ. ಅವಳು ಒಪ್ಪಲಿಲ್ಲ. ಪುಟ ದೊಡ್ಡದು ಮಾಡಿ ನೋಡಿದೆವು. ೬ ಕೂಡ ಆಗಬಹುದು, ೯ ಕೂಡ ಆಗಬಹುದು, ಮಸಿ ಹರಡಿತ್ತು. ಅಪ್ಪನಿಗೆ ಫೋನ್ ಮಾಡಿದಳು.

"ತಾತ, ನೈನ್ಟೀನ್ ಸಿಕ್ಸ್ಟಿ ಎಯ್ಟ್ ಜುಲೈನಲ್ಲಿ ಒಂದು ದಿನ ತುಂಬಾ ಮಳೆ ಬಂದಿತ್ತಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬಂದಿತ್ತು ಪುಟ್ಟಿ. ಹಳ್ಳದ ಸಂಕ ಕೊಚ್ಚಿಕೊಂಡು ಹೋಯ್ತು. ನಾನು ಮೂರು ದಿನ ಶಾಲೆಗೆ ಹೋಗಿರಲಿಲ್ಲ. ಎಷ್ಟಂತ ಬರೆದಿದ್ದಾರೆ ನಮ್ಮಪ್ಪ?"

"ಸಿಕ್ಸ್ ಇರಬಹುದು, ನೈನ್ ಇರಬಹುದು."

"ಹಾಗಾದ್ರೆ ಎರಡೂ ಬರ್ಕೋ. ಪಕ್ಕದಲ್ಲಿ ಸಂಕ ಹೋಯ್ತು ಅಂತಾನೂ ಬರಿ."

ಬರೆದಳು. ಅಂಕಿಗೆ ಮಾಡಿದ ಡೇಟಾಬೇಸು ಅದು, ಮಾತು ಹಾಕೋಕೆ ಒಂದು ಮನೆ ಬೇರೆ ಮಾಡಿಕೊಡಬೇಕಾಯಿತು.

ಅಪ್ಪ ಈಗಲೂ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆದು, ಆಮೇಲೆ ಮೊಮ್ಮಗಳಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ಇವತ್ತು ಬಂದದ್ದು '೧ ಇಂಚು ೧೫ ಸೆಂಟು'. ನನ್ನ ಡಿಜಿಟಲ್ ಮಾಪಕ 26 ಮಿಲಿಮೀಟರ್ ಅಂದಿದೆ, ಅಂದರೆ ಅಪ್ಪನದಕ್ಕಿಂತ ಹನ್ನೆರಡು-ಹದಿಮೂರು ಸೆಂಟು ಕಮ್ಮಿ. ಬಟ್ಟಲಿಗೆ ಸಿಲ್ವರ್ ಎಲೆ ಸಿಕ್ಕಿಕೊಂಡಿರಬೇಕು, ನಾಳೆ ತೆಗೆಯುತ್ತೇನೆ ಅಂದಿದ್ದಾರೆ. ಎರಡನ್ನೂ ಇಟ್ಟುಕೊಂಡಿದ್ದೇವೆ.